ಏಳನೆಯ ಮನೆ

ಕಳೆದ ತಿಂಗಳು ಬೇಸಗೆಯ ಹಪ್ಪಳದ ಬಗ್ಗೆ ಬರೆಯುವಾಗ, 'ಹಪ್ಪಳ ಒಣಗಿಸಲು ಹಾಸಿದ ಹಳೆ ಸೀರೆಯ ಮೇಲೆ ನಮ್ಮ ಬೆಕ್ಕು ಬಂದು ಮಲಗಿತು' ಎಂದು ಒಂದು ಸಾಲು ಸೇರಿಸಿದ್ದೆ. ಹಪ್ಪಳದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಬೊರಿವಲಿಯಿಂದ ಹಿರಿಯರೊಬ್ಬರು ಫೋನ್ ಮಾಡಿ, "ಅಲ್ಲ ಮಾರಾಯ್ತಿ, ನಿಮ್ಮಲ್ಲಿ ಬೆಕ್ಕಾ? ನಿಮ್ಮ ಮಾವ ಊಟ ಮಾಡಿ ಎದ್ದ ಮೇಲೆ ಎಲೆಯ ಸುತ್ತ ಒಂದು ಅಗುಳು ಇರುತ್ತಿರಲಿಲ್ಲವಲ್ಲ! ಅಂಥವರ ಮನೆಯಲ್ಲಿ?" ಎಂದು ಕೇಳಿದರು. ಅವರು ಮಾವನ ಜೊತೆ ಫೋರ್ಟಿನ ಹೋಟೆಲಿನಲ್ಲಿ ಬಹಳ ವರ್ಷ ಇದ್ದವರು. ಗಲ್ಲಾದ ಮೇಲೆ ಒಂದು ನೊಣ ಕೂತರೂ ಮಾವ ಏಳುತ್ತಿದ್ದರಂತೆ.

ನಾನು ನಕ್ಕು ಸುಮ್ಮನಾದೆ. ಬೆಕ್ಕನ್ನು ಮನೆಯೊಳಗೆ ಬಿಟ್ಟುಕೊಂಡವರು ಮಾವನೇ ಎಂದು ಫೋನಿನಲ್ಲಿ ಹೇಳಿದರೆ ಅವರು ನಂಬುತ್ತಿರಲಿಲ್ಲ. ಹಾಗಾಗಿ ಈ ಸಲ ಅದನ್ನೇ ಬರೆಯುತ್ತೇನೆ.

ನನ್ನ ತವರು ಕುಂದಾಪುರದಿಂದ ಒಳಕ್ಕೆ, ಘಟ್ಟದ ಬುಡದಲ್ಲಿ. ಅಲ್ಲಿ ಬೆಕ್ಕು ಸಾಕುವುದು ಎಂಬ ಮಾತೇ ಇರಲಿಲ್ಲ. ದನ ಸಾಕುತ್ತಿದ್ದೆವು, ನಾಯಿ ಸಾಕುತ್ತಿದ್ದೆವು. ಬೆಕ್ಕು ಸುಮ್ಮನೆ ಇರುತ್ತಿತ್ತು. ಅಟ್ಟದಲ್ಲಿ, ಕಟ್ಟಿಗೆ ಕೊಟ್ಟಿಗೆಯಲ್ಲಿ, ಚಳಿಗಾಲದಲ್ಲಿ ಬಚ್ಚಲೊಲೆಯ ಬೂದಿಯಲ್ಲಿ. ಹಾಲು ಕರೆಯುವ ಹೊತ್ತಿಗೆ ಬಂದು ಬಾಲ ಎತ್ತಿ ನಿಂತರೆ ಅಮ್ಮ ಗರಟೆಗೆ ಎರಡು ಹನಿ ಹಾಲು ಹಾಕುತ್ತಿದ್ದಳು. ಊಟವಾದ ಮೇಲೆ ಒಂದು ಮುಷ್ಟಿ ಹಾಲನ್ನ. ಉಳಿದದ್ದು ಅದರ ಪಾಡು. ಬೆಕ್ಕಿನಿಂದ ಬೇಕಾದದ್ದು ಒಂದೇ, ಭತ್ತದ ಕಣಜಕ್ಕೆ ಇಲಿ ಬರಬಾರದು.

ವರ್ಷಕ್ಕೆ ಎರಡು ಸಲ ಅದು ಮರಿ ಹಾಕುತ್ತಿತ್ತು. ಎಲ್ಲ ಮರಿಗಳನ್ನೂ ಇಟ್ಟುಕೊಳ್ಳುವುದು ಹೇಗೆ? ಕೊಲ್ಲುವ ಹಾಗಂತೂ ಇಲ್ಲ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಊರಿಗೆಲ್ಲ ಇದ್ದ ಉಪಾಯ ಗೋಣಿಚೀಲ. ನನಗೆ ಒಂಬತ್ತು ವರ್ಷ ಇದ್ದಾಗ ಒಮ್ಮೆ ಅಣ್ಣನ ಜೊತೆ ನಾನೂ ಹೋದೆ. ಮೂರು ಮರಿಗಳು, ಕಣ್ಣು ಬಿಟ್ಟು ವಾರವಾಗಿತ್ತು. ಚೀಲದ ಬಾಯಿ ಕಟ್ಟಿ, ಸಂಕ ದಾಟಿ, ಎರಡು ಮೈಲಿ ನಡೆದು, ಸಂತೆಯ ಮೀನಿನ ಕಟ್ಟೆಯ ಹಿಂದೆ ಬಿಟ್ಟೆವು. "ತಿರುಗಿ ನೋಡಬೇಡ. ನೋಡಿದರೆ ದಾರಿ ಗುರುತು ಹಿಡಿಯುತ್ತವೆ" ಎಂದ ಅಣ್ಣ. ನಾನು ನೋಡಲಿಲ್ಲ. ಮನೆಯಲ್ಲಿ ತಾಯಿಬೆಕ್ಕು ನಾಲ್ಕು ದಿನ ಅಟ್ಟ ಹತ್ತಿ ಇಳಿದು ಕೂಗಿತು. ಅಕ್ಕಿಮುಡಿಗಳ ಸಂದಿಯಲ್ಲಿ, ಹಾಸಿಗೆ ಸುರುಳಿಯಲ್ಲಿ, ನನ್ನ ಶಾಲೆಯ ಚೀಲದಲ್ಲಿ ಕೂಡ ಮೂಗು ಹಾಕಿ ಹುಡುಕಿತು. "ಪ್ರಾಣಿ ಅಲ್ವಾ, ಮರೆತುಬಿಡುತ್ತದೆ" ಎಂದಳು ಅಮ್ಮ. ಐದನೇ ದಿನ ಕೂಗು ನಿಂತಿತು. ಮರೆತಿತು ಎಂದೇ ನಾನೂ ತಿಳಿದುಕೊಂಡೆ.

ಮದುವೆಯಾಗಿ ಮುಂಬೈಗೆ ಬಂದ ಮೇಲೆ ಬೆಕ್ಕಿನ ಯೋಚನೆಯೇ ಬರಲಿಲ್ಲ. ಬಾಡಿಗೆ ಮನೆಯಲ್ಲಿ 11 ತಿಂಗಳಿಗೊಮ್ಮೆ ಕರಾರು ಪತ್ರ ಬದಲಾಗುವಾಗ ಮನುಷ್ಯರಿಗೇ ಗ್ಯಾರಂಟಿ ಇರಲಿಲ್ಲ. ಮಾವ 1954ರಲ್ಲಿ, 16ನೇ ವಯಸ್ಸಿಗೆ, ಈ ಊರಿಗೆ ಬಂದವರು. ಮೊದಲು ಹೋಟೆಲಿನ ಮಾಳಿಗೆ, ಆಮೇಲೆ ಪರೇಲಿನ ಚಾಳು, ಆಮೇಲೆ ಒಂದೊಂದೇ ಸ್ಟೇಷನ್ ದೂರಕ್ಕೆ ಸರಿಯುತ್ತಾ ಡೊಂಬಿವಲಿಯ ಈ ಸ್ವಂತ ಫ್ಲ್ಯಾಟು. ಮೂರನೇ ಮಹಡಿ, ಲಿಫ್ಟಿಲ್ಲ. "ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದ ಹಾಗೆ ತಿರುಗಿಸಿದರು ನನ್ನ ಮಕ್ಕಳನ್ನು" ಎಂದು ಅತ್ತೆ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಇದು ಏಳನೆಯದೇ.

2019ರ ದೀಪಾವಳಿ ಕಳೆದು ಅತ್ತೆ ತೀರಿಕೊಂಡರು. ಮಾವ ಅಳಲಿಲ್ಲ. ಮಾತು ಕಡಿಮೆ ಮಾಡಿದರು, ಅಷ್ಟೆ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಇಲ್ಲ. ಅತ್ತೆಯ ಮರದ ಕಪಾಟನ್ನು ಯಾರೂ ಮುಟ್ಟಲಿಲ್ಲ. ಸೀರೆಗಳನ್ನು ಯಾರಿಗಾದರೂ ಕೊಡಬೇಕಲ್ಲ ಎಂದು ಒಂದು ದಿನ ನಾನು ಮಾತು ತೆಗೆದದ್ದಕ್ಕೆ ಮಾವ ಎದ್ದು ಬಾಲ್ಕನಿಗೆ ಹೋದರು. ಮತ್ತೆ ನಾನು ಆ ವಿಷಯ ಎತ್ತಲಿಲ್ಲ.

ಆಮೇಲೆ ಮಾರ್ಚ್ 2020. ಲಾಕ್‌ಡೌನಿನ ಕಥೆ ಎಲ್ಲರದೂ ಒಂದೇ, ಅದನ್ನು ಬಿಡುತ್ತೇನೆ. ಒಂದು ಸಂಗತಿ ಮಾತ್ರ ಇಲ್ಲಿಗೆ ಬೇಕು. ನಮ್ಮ ಬೀದಿಯ ಕೊನೆಯಲ್ಲಿ ಮೀನಿನವರು ಕೂರುತ್ತಿದ್ದರು. ಅವರು ಕತ್ತರಿಸಿ ಎಸೆದ ತಲೆ, ಬಾಲ, ಕರುಳಿನ ಮೇಲೆ ಹತ್ತು ಹನ್ನೆರಡು ಬೆಕ್ಕುಗಳ ಸಂಸಾರ ನಡೆಯುತ್ತಿತ್ತು. ಕೋಳಿಣಿಯರು ಬರುವುದು ನಿಂತ ಮೇಲೆ ಆ ಬೆಕ್ಕುಗಳಿಗೆ ಏನೂ ಇಲ್ಲದೆ ಹೋಯಿತು. ಹೋಟೆಲುಗಳ ಹಿಂಬಾಗಿಲೂ ಮುಚ್ಚಿತ್ತು. ಏಪ್ರಿಲ್ ಎರಡನೇ ವಾರ ಅವುಗಳಲ್ಲಿ ಒಂದು ಮೂರು ಮಹಡಿ ಹತ್ತಿ ಬಂದು ನಮ್ಮ ಬಾಗಿಲ ಮುಂದೆ ಕೂತಿತು. ಬಿಳಿ, ಕಪ್ಪು, ಕೆಂಚು, ಮೂರು ಬಣ್ಣ. ಪಕ್ಕೆಲುಬು ಎಣಿಸಬಹುದಿತ್ತು. ನಾನು ಪೊರಕೆ ಹಿಡಿದೆ.

"ಏ, ಇರು," ಎಂದರು ಮಾವ. ನಾಲ್ಕು ತಿಂಗಳಲ್ಲಿ ತಾವಾಗಿ ಆಡಿದ ಮೊದಲ ಮಾತು ಅದು ಎಂದರೆ ಸ್ವಲ್ಪ ಹೆಚ್ಚು ಮಾಡಿ ಹೇಳಿದಂತಾದೀತು, ಆದರೆ ಬಹಳ ಹೆಚ್ಚೇನಲ್ಲ. "ಅದಕ್ಕೆ ಹಸಿವಾಯ್ತ್ ಕಾಣ್."

ಅವರೇ ಅಡುಗೆಮನೆಗೆ ಹೋಗಿ ಮೊಸರನ್ನ ಕಲಸಿ, ಅತ್ತೆ ತುಳಸಿಗೆ ನೀರು ಹಾಕುತ್ತಿದ್ದ ಹಿತ್ತಾಳೆಯ ತಟ್ಟೆಯಲ್ಲಿ ತಂದಿಟ್ಟರು. ಬೆಕ್ಕು ತಿಂದಿತು. ಮರುದಿನ ಅದೇ ಹೊತ್ತಿಗೆ ಬಂತು. ಮೂರನೇ ದಿನ ಹೊಸಿಲು ದಾಟಿತು. "ಬಾ ಕೊತ್ತಿ" ಎಂದು ಕರೆದರು ಮಾವ, ನಮ್ಮ ಕಡೆ ಬೆಕ್ಕಿಗೆ ಹೇಳುವ ಹಾಗೆ. ಮಗಳು ಏನೇನೋ ಹೆಸರು ಹೇಳಿ ನೋಡಿದಳು, ಯಾವುದೂ ಹತ್ತಲಿಲ್ಲ. ಮುಂದೆ ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಅದನ್ನು 'ಕೋಟಿ' ಎಂದು ಕೇಳಿಸಿಕೊಂಡು ಕಾರ್ಡಿನಲ್ಲಿ ಹಾಗೆಯೇ ಬರೆದಳು. ಅಂದಿನಿಂದ ಕೋಟಿಯೇ. ಡೊಂಬಿವಲಿಯ ಎರಡು ಬೆಡ್‌ರೂಮಿನ ಮನೆಗೆ ಹಾಗೆ ಕೋಟಿ ಬಂತು.

ಹತ್ತು ದಿನ ಹಾಲು, ಮೊಸರನ್ನ ನಡೆಯಿತು. ಬೆಕ್ಕಿಗೆ ಭೇದಿ ಶುರುವಾಯಿತು. ಮಗಳು ಎಲ್ಲಿಂದಲೋ ಒಬ್ಬ ಪ್ರಾಣಿ ಡಾಕ್ಟರ ನಂಬರು ಹುಡುಕಿದಳು. ಕಲ್ಯಾಣ ಕಡೆಯ ಮರಾಠಿ ಹುಡುಗ. ಫೋನಿನಲ್ಲಿ ಎಲ್ಲ ಕೇಳಿ ನಕ್ಕ. "ಮೊಸರನ್ನವಾ? ಮೇಡಂ, ಅದು ಬೆಕ್ಕು, ಮಾಟುಂಗದ ಗಿರಾಕಿ ಅಲ್ಲ."

ಆಮೇಲೆ ನಗದೆ ವಿವರಿಸಿದ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ. ನಾಯಿಯ ಹಾಗೆ ಬೆಕ್ಕು ಅನ್ನ, ರೊಟ್ಟಿ ತಿಂದು ಬದುಕಲಾರದು. ಅದು ಪೂರ್ತಿ ಮಾಂಸಾಹಾರಿ. ಟಾರಿನ್ ಎಂಬ ಒಂದು ಅಂಶ ಅದರ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಮೀನು ಮಾಂಸದಿಂದಲೇ ಬರಬೇಕು. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ ಎಂದು 1970ರ ದಶಕದಲ್ಲಿ ಗೊತ್ತಾಯಿತು, ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲಿ. ಹಾಗಾದರೆ ನಮ್ಮ ಊರಿನ ಬೆಕ್ಕು ಹಾಲನ್ನ ತಿಂದೇ ಬದುಕಿತ್ತಲ್ಲ ಎಂದೆ. "ಹಾಲನ್ನ ಅದಕ್ಕೆ ಬಾಯಿರುಚಿ. ಊಟ ನಿಮಗೆ ಕಾಣದ ಹಾಗೆ ಗದ್ದೆಯಲ್ಲಿ ಮಾಡುತ್ತಿತ್ತು. ನಿಮ್ಮ ಫ್ಲ್ಯಾಟಿನಲ್ಲಿ ಇಲಿ ಇದೆಯಾ?"

ಇಲಿ ಇರಲಿಲ್ಲ. ಒಂದು ಹಲ್ಲಿ ಇತ್ತು, ಅದೂ ಆ ವಾರ ಕಾಣೆಯಾಗಿತ್ತು.

ನಮ್ಮದು ಚಾತುರ್ಮಾಸ್ಯದಲ್ಲಿ ಬೆಳ್ಳುಳ್ಳಿಗೂ ರಜೆ ಕೊಡುವ ಮನೆ. ಮಾವನಿಗೆ ಈ ಸುದ್ದಿ ಹೇಳುವುದು ಹೇಗೆ ಎಂದು ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಬೆಕ್ಕನ್ನು ಮತ್ತೆ ಕೆಳಗೆ ಬಿಡುವುದೇ ಸರಿ ಎಂದು ನನ್ನ ಮನಸ್ಸಿನಲ್ಲಿತ್ತು, ಬಚ್ಚಿಡುವುದಿಲ್ಲ. ಹಾಲು ಬೇಡವಂತೆ ಎಂದಷ್ಟೇ ಮೊದಲು ಹೇಳಿದೆ. "ಹಾಗಾದ್ರೆ ತೆನಾಲಿ ರಾಮಕೃಷ್ಣ ಮಾಡಿದ್ದೇ ಸರಿ!" ಎಂದು ನಕ್ಕರು. ಆಮೇಲೆ ಉಳಿದದ್ದನ್ನು ಹೇಳಿದೆ. ಸಂಜೆಯವರೆಗೆ ಮಾವ ಸುಮ್ಮನೆ ಕೂತರು. ದೀಪ ಹಚ್ಚಿದ ಮೇಲೆ ಹೇಳಿದರು: "ನಮ್ಮ ಹೋಟ್ಲಿನ ಹಿಟ್ಟಿನ ಕೋಣೆಗೂ ಒಂದ್ ಬೆಕ್ಕ್ ಇತ್ತ್. ರಾತ್ರಿ ಇಲಿ ಹಿಡಿಯುದೇ ಅದ್ರ ಕೆಲ್ಸ. ಬೆಳಿಗ್ಗೆ ನೆಲ ತೊಳ್ದ್ರೆ ಆಯ್ತ್. ಯಾರೂ ಮಡಿ ಕೇಳ್ಲಿಲ್ಲೆ."

ಎದುರು ಮನೆಯ ಮಾಲವಣದ ಕಾಕು ನಮ್ಮನ್ನು ಉಳಿಸಿದರು. ಅವರ ಡಬ್ಬಿಯಲ್ಲಿ ಮಳೆಗಾಲಕ್ಕೆಂದು ತೆಗೆದಿಟ್ಟ ಸುಕಟ ಇತ್ತು. ಅದನ್ನು ಎರಡು ಸಲ ನೀರಿನಲ್ಲಿ ನೆನೆಸಿ, ಉಪ್ಪು ಹೋಗಿಸಿ, ಬೇಯಿಸಿ, ಬಾಗಿಲಿನಿಂದಲೇ ಕೈ ಚಾಚಿ ಕೊಟ್ಟರು. ತಿಂಗಳ ಮೇಲೆ ಮೀನು ಮತ್ತೆ ಬರತೊಡಗಿದಾಗ ಮಾಂದೇಲಿ ಬಂತು. ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು, ಅವು ಬೆಕ್ಕಿನ ರಕ್ತ ಕೆಡಿಸುತ್ತವೆ ಎಂದು ಡಾಕ್ಟರು ಹೇಳಿದ್ದನ್ನು ಕಾಕುಗೆ ಹೇಳಿದೆ. "ಅಂದರೆ ನಿಮ್ಮ ಬೆಕ್ಕು ಮೀನು ತಿನ್ನುವ ಬ್ರಾಹ್ಮಣ" ಎಂದರು. ಮೀನಿಗೆ ಬದಲಾಗಿ ನಮ್ಮಿಂದ ಸಾಂಬಾರು ಹೋಗುತ್ತಿತ್ತು. ಬರೀ ಮೀನೂ ಸಾಲದು, ಟಾರಿನ್ ಸೇರಿಸಿದ ಪೊಟ್ಟಣದ ಆಹಾರವೇ ದಿನದ ಊಟವಾಗಬೇಕು ಎಂದದ್ದರಿಂದ ಅದೂ ಬಂತು. ಬಾಲ್ಕನಿಯಲ್ಲಿ ಅದಕ್ಕೆ ಬೇರೆ ತಟ್ಟೆ, ಬೇರೆ ಚಮಚ, ಬೇರೆ ಸೋಪು. ಮೊದಲ ಸಲ ನಾನೇ ಗೇಟಿನಲ್ಲಿ ಮೀನು ಕೊಂಡ ದಿನ ಸೆರಗನ್ನು ಮುಖಕ್ಕೆ ಎಷ್ಟು ಎಳೆದುಕೊಂಡಿದ್ದೆನೆಂದರೆ ಕೋಳಿಣಿ, "ಬಾಯಿ, ಜ್ವರವಾ?" ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಮಾವನಿಗೆ ಒಂದು ಅಸಮಾಧಾನ ಉಳಿದೇಹೋಯಿತು. ಹಬ್ಬದ ದಿನ ಪಾಯಸದಲ್ಲಿ ಬೆರಳದ್ದಿ ಅದರ ಮೂಗಿಗೆ ಹಿಡಿದರೆ ಅದು ಮುಖ ತಿರುಗಿಸುತ್ತಿತ್ತು. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಹುಲಿ ಸಿಂಹಗಳಿಗೂ ಅಷ್ಟೆ. ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಬೆಲ್ಲ ಸರಿಯಿಲ್ಲ ಎಂದೇ ಅವರ ವಾದ.

ಜೂನಿನಲ್ಲಿ ಮಳೆ ಹಿಡಿಯಿತು. ಬೆಕ್ಕಿನ ಹೊಟ್ಟೆ ದಪ್ಪಗಾದದ್ದು ಊಟದಿಂದ ಎಂದು ನಾವು ತಿಳಿದಿದ್ದೆವು. ಮನೆಯಲ್ಲಿ ಮೂರು ಹೆತ್ತವರಿದ್ದೂ ಯಾರಿಗೂ ಹೊಳೆಯಲಿಲ್ಲ ನೋಡಿ. ಒಂದು ಬೆಳಿಗ್ಗೆ ಬೆಕ್ಕು ಕಾಣಲಿಲ್ಲ. ಹೊರಗೆಲ್ಲ ಹುಡುಕಿದ ಮೇಲೆ ಮಾವನ ಕೋಣೆಯಿಂದ ಸಣ್ಣ ಸದ್ದು ಕೇಳಿಸಿತು. ಅತ್ತೆಯ ಕಪಾಟಿನ ಕೆಳಗಿನ ಬಾಗಿಲು ಬಿಜಾಗರಿ ಸಡಿಲವಾಗಿ ಯಾವಾಗಲೂ ನಾಲ್ಕು ಬೆರಳು ತೆರೆದೇ ಇರುತ್ತಿತ್ತು. ಕೆಳಗಿನ ಅರೆಯಲ್ಲಿ ಅತ್ತೆಯ ಮನೆಯಲ್ಲುಡುವ ನೂಲಿನ ಸೀರೆಗಳು. ಅವುಗಳ ಮೇಲೆ ಕೋಟಿ, ಹೊಟ್ಟೆಗೆ ಒತ್ತಿಕೊಂಡು ಮೂರು ಒದ್ದೆ ಮರಿಗಳು. ಸೀರೆಗಳು ರಕ್ತದಲ್ಲಿ ನೆಂದಿದ್ದವು.

ನನಗೆ ಕಾಲೇ ಬರಲಿಲ್ಲ. ಆರು ತಿಂಗಳು ಯಾರೂ ಮುಟ್ಟದ ಕಪಾಟು. ಮಾವ ನಿಧಾನವಾಗಿ ನೆಲದ ಮೇಲೆ ಕೂತರು, ಮಂಡಿನೋವಿನಿಂದ ನೆಲಕ್ಕೆ ಕೂರುವುದನ್ನು ಬಿಟ್ಟೇ ವರ್ಷಗಳಾಗಿದ್ದವು. ಬಾಗಿಲನ್ನು ಪೂರ್ತಿ ತೆರೆದರು. ಬಹಳ ಹೊತ್ತು ನೋಡಿದರು. ಮೇಲಿನ ಅರೆಯಿಂದ ಇನ್ನೊಂದು ಹಳೆ ಸೀರೆ ಎಳೆದು, ಮಡಿಸಿ, ತಾಯಿಯ ಬೆನ್ನ ಹಿಂದೆ ಒತ್ತಾಗಿ ಇಟ್ಟರು. "ಇರ್ಲಿ ಬಿಡು. ಅವ್ಳ್ ಇದ್ದಿದ್ರೂ ಇದನ್ನೇ ಹಾಸಿಕೊಡ್ತಿದ್ಲ್" ಎಂದರು. ಆಮೇಲೆ ಅತ್ತರು. ನಾನು ಕೋಣೆಯಿಂದ ಹೊರಗೆ ಬಂದೆ.

ಅತ್ತೆಯ ಉಳಿದ ಸೀರೆಗಳನ್ನು ಹಂಚುವ ಕೆಲಸ ಮರುವಾರವೇ ಆಯಿತು. ಮಾವ ತಾವೇ ತೆಗೆದು ತೆಗೆದು ಕೊಟ್ಟರು, ಯಾವುದು ಯಾವಾಗ ಎಲ್ಲಿ ಕೊಂಡದ್ದು ಎಂದು ಹೇಳುತ್ತಾ.

ಮರಿಗಳಲ್ಲಿ ಒಂದು ಎಂಟನೇ ದಿನ ಹೋಯಿತು. ಕೆಂಚು ಗಂಡನ್ನು ಕಾಕು ಕೊಂಡುಹೋದರು. ಕಾಕುವಿನ ಯಜಮಾನರು ಮನೆಯಲ್ಲಿ ಮಾಂಜರ ಬೇಡವೆಂದು ಮೂರು ದಿನ ಊಟ ಬಿಟ್ಟರು. ಈಗ ಅದು ಅವರ ಎದೆಯ ಮೇಲೆ ಮಲಗುತ್ತದೆ, ಅವರು ಕ್ರಿಕೆಟ್ ನೋಡುವಾಗ ಚಪ್ಪಾಳೆ ತಟ್ಟುವ ಹಾಗಿಲ್ಲ. ತಾಯಿಯ ಹಾಗೇ ಮೂರು ಬಣ್ಣವಿದ್ದ ಇನ್ನೊಂದನ್ನು ನನ್ನ ಲೋಕಲ್ ಗೆಳತಿ ಒಯ್ದಳು. ಮೂರು ಬಣ್ಣವಿದ್ದರೆ ಅದು ಹೆಣ್ಣೇ ಎಂದು ನೋಡದೆಯೂ ಹೇಳಬಹುದಂತೆ. ಕಪ್ಪು, ಕೆಂಚು ಎರಡೂ ಬರಬೇಕಾದರೆ ಎರಡು ಎಕ್ಸ್ ವರ್ಣತಂತು ಬೇಕು, ಗಂಡಿಗೆ ಅದು ಇರುವುದು ಬಹಳ ಅಪರೂಪ.

ನಮ್ಮ 8.12ರ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಈಗ ನಾಲ್ವರ ಮನೆಯಲ್ಲಿ ಬೆಕ್ಕುಗಳಿವೆ. ಒಬ್ಬರೂ ಬೇಕೆಂದು ತಂದವರಲ್ಲ. ಒಬ್ಬಳ ತಮ್ಮ ಪುಣೆಯಿಂದ ಕಾರಿನಲ್ಲಿ ಬರುವಾಗ ಲೋಣಾವಳದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಬಾನೆಟ್ಟಿನೊಳಗಿಂದ ಮರಿಯ ಕೂಗು. ಇಂಜಿನ್ನಿನ ಬಿಸಿಗೆ ಒಳಗೆ ಸೇರಿಕೊಂಡು ಅಷ್ಟು ದೂರ ಬಂದಿತ್ತು, ಮೀಸೆ ಸುಟ್ಟದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮಳೆ, ಚಳಿಯಲ್ಲಿ ಗಾಡಿ ತೆಗೆಯುವ ಮುಂಚೆ ಬಾನೆಟ್ಟಿಗೆ ಎರಡು ಸಲ ಬಡಿಯಿರಿ ಎಂದು ಅವಳು ಡಬ್ಬಿಗೆಲ್ಲ ಹೇಳುತ್ತಿರುತ್ತಾಳೆ, ಕಾರು ಇಲ್ಲದವರಿಗೂ. ಇನ್ನೊಬ್ಬಳಿಗೆ ಕೆಳಗಿನ ಮನೆಯ ಮುದುಕರೊಬ್ಬರು ತೀರಿಕೊಂಡಾಗ ಬಂತು. ಮಕ್ಕಳು ಪರದೇಶದಿಂದ ಬಂದು ಫ್ಲ್ಯಾಟು, ಲಾಕರು, ಪಾತ್ರೆ ಎಲ್ಲ ಹಂಚಿಕೊಂಡರು. ಬೆಕ್ಕು ಯಾರ ಪಾಲಿಗೂ ಬರಲಿಲ್ಲ.

ಕೋಟಿಗೆ ಆಪರೇಷನ್ ಮಾಡಿಸುವ ಮಾತು ಬಂದಾಗ ಬೇಡ ಎಂದವಳು ನಾನು. ಹೆಣ್ಣಿನ ಹೊಟ್ಟೆ ಕೊಯ್ಯಿಸಲು ನಮಗೇನು ಅಧಿಕಾರ ಎಂದು ಭಾಷಣ ಮಾಡಿದೆ. ಡಾಕ್ಟರು ತಲೆಯಾಡಿಸುತ್ತಾ ಕೇಳಿ, ಕಾಗದದ ಮೇಲೆ ಲೆಕ್ಕ ಬರೆದರು. ಒಂಬತ್ತು ವಾರಕ್ಕೆ ಹೆರಿಗೆ. ಹಾಲೂಡುವಾಗಲೇ ಮತ್ತೆ ಗಬ್ಬವಾಗಬಹುದು. ಹೆಣ್ಣು ಮರಿ ಐದಾರು ತಿಂಗಳಿಗೇ ತಾಯಾಗಲು ತಯಾರು. "ಆ ಮರಿಗಳಿಗೆಲ್ಲ ಮನೆ ಹುಡುಕುತ್ತೀರಾ, ಅಥವಾ ಎಲ್ಲಿ ಬಿಡುತ್ತೀರಿ?" ಎಂದರು.

ಎಲ್ಲಿ ಬಿಡುತ್ತೀರಿ ಎಂದಾಗ ನನಗೆ ಸಂಕ ಕಂಡಿತು. ಅವರಿಗೆ ಅದೇನೂ ಗೊತ್ತಿಲ್ಲ, ಸುಮ್ಮನೆ ಕೇಳಿದ್ದು. ನಾನು ಕಾಗದಕ್ಕೆ ಸಹಿ ಹಾಕಿದೆ. ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೊಳವೆ ಹಾಕಿ ಕಳಿಸಿದರು. ಹತ್ತು ದಿನ ಅದು ಗೋಡೆಗೆ ಡಿಕ್ಕಿ ಹೊಡೆಯುತ್ತಾ, ಪ್ರತಿ ಸಲವೂ ನನ್ನ ಕಡೆ ತಿರುಗಿ ನೋಡುತ್ತಾ ಓಡಾಡಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಓದುವವರಲ್ಲಿ ಯಾರ ಮನೆಯಲ್ಲಾದರೂ ಬೆಕ್ಕಿದ್ದರೆ ಇದೊಂದು ಗೊತ್ತಿರಲೇಬೇಕು.

2021ರ ಜನವರಿ. ಕೋಟಿ ಕೆಳಗೆ ಯಾವುದೋ ಬೋಕಾನ ಜೊತೆ ಜಗಳವಾಡಿ ಮುಂಗಾಲು ಕಚ್ಚಿಸಿಕೊಂಡು ಬಂತು. ಸಂಜೆ ಕಿವಿ ಸುಡುತ್ತಿತ್ತು. ಊಟ ಬಿಟ್ಟಿತು. ಮಕ್ಕಳಿಗೆ ಜ್ವರ ಬಂದರೆ ಏನು ಮಾಡುತ್ತೇವೆ? ಮಾವನ ಡಬ್ಬಿಯಿಂದ ಪ್ಯಾರಾಸಿಟಮಾಲ್ ತೆಗೆದು, ನಾಲ್ಕು ತುಂಡು ಮಾಡಿ, ಒಂದು ತುಂಡನ್ನು ನೀರಿನಲ್ಲಿ ಕರಗಿಸಿ ಕುಡಿಸಿದೆ. ಯಾರನ್ನೂ ಕೇಳಲಿಲ್ಲ. ಎರಡು ಮಕ್ಕಳನ್ನು ಬೆಳೆಸಿದವಳು ಎಂಬ ಧೈರ್ಯ.

ಮೂರು ಗಂಟೆಯೊಳಗೆ ಅದರ ಮುಖ ಊದಿತು. ಬಾಯಿ ತೆರೆದು ಉಸಿರಾಡತೊಡಗಿತು. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣದ ವಸಡು ಕಂದಾಗಿತ್ತು. ಡಾಕ್ಟರಿಗೆ ಫೋನ್ ಮಾಡಿ, ಏನು ಕೊಟ್ಟೆ ಎಂದು ಹೇಳಿದ್ದೇ ತಡ, ಆ ಕಡೆ ಒಂದು ಕ್ಷಣ ಮಾತು ನಿಂತಿತು. "ಈಗಲೇ ಹೊರಡಿ" ಎಂದರು. ನಮ್ಮವರು ಸ್ಕೂಟರ್ ತೆಗೆದರು. ತರಕಾರಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅದನ್ನಿಟ್ಟು, ಮೇಲೆ ಟವೆಲು ಕಟ್ಟಿ, ನಾನು ಹಿಂದೆ ಕೂತೆ. ಹೊರಡುವಾಗ ಮಾವ ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ.

ಡಾಕ್ಟರು ರಕ್ತ ತೆಗೆದರು. ಸಿರಿಂಜಿನಲ್ಲಿ ಬಂದದ್ದು ಕೆಂಪಲ್ಲ, ಚಾಕೊಲೇಟಿನ ಬಣ್ಣ. ಆ ಮಾತ್ರೆಯನ್ನು ಅರಗಿಸಿ ಹೊರಹಾಕುವ ಶಕ್ತಿ ನಮ್ಮ ಪಿತ್ತಜನಕಾಂಗಕ್ಕೆ ಇದೆ, ಬೆಕ್ಕಿನದಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಳಗೆ ಉಳಿದ ವಿಷ ರಕ್ತವನ್ನು ಕೆಡಿಸಿ, ಉಸಿರಾಡಿದರೂ ಗಾಳಿ ಮೈಗೆ ಹತ್ತದ ಹಾಗೆ ಮಾಡುತ್ತದೆ. ಮಗುವಿಗೆ ಕೊಡುವ ಕಾಲು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಮದ್ದಿದೆ. ಮನುಷ್ಯರು ಇದೇ ಮಾತ್ರೆಯನ್ನು ಮಿತಿಮೀರಿ ನುಂಗಿದರೂ ಕೊಡುವುದು ಅದನ್ನೇ. ನಮ್ಮವರು ಮೆಡಿಕಲ್ ಅಂಗಡಿ ಹುಡುಕಿ ಅದನ್ನು ತಂದರು. ರಾತ್ರಿಯಿಡೀ ಸಲೈನು, ಆಮ್ಲಜನಕ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ತಾಯಿಬೆಕ್ಕು ಐದನೇ ದಿನ ಕೂಗು ನಿಲ್ಲಿಸಿದ್ದು ಮರೆತು ಅಲ್ಲ, ಗಂಟಲು ಕಟ್ಟಿ ಇರಬಹುದು ಎಂದು ನಲವತ್ತು ವರ್ಷದ ಮೇಲೆ ಅಲ್ಲಿ ಕೂತಾಗ ಹೊಳೆಯಿತು.

ಎರಡು ರಾತ್ರಿ ಕಳೆದು ಕೋಟಿ ಮನೆಗೆ ಬಂತು. ಬಂದದ್ದೇ ನನ್ನ ಮಡಿಲಿನಲ್ಲಿ ಕೂತಿತು, ನನ್ನದೇ ಮಡಿಲಿನಲ್ಲಿ. ಮಾವ ತಮ್ಮ ಮಾತ್ರೆ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟು, "ಇದನ್ನ್ ಮೇಲೆ ಇಡು. ನಾನೂ ಕೊಡ್ತಿದ್ದೆ, ನೀನ್ ಮೊದ್ಲು ಕೊಟ್ಟೆ, ಅಷ್ಟೇ" ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಕೇಳಲಿಲ್ಲ. ಆಮೇಲೆ ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿ ಕೋಟಿಯನ್ನು ಕೆಳಗೆ ಬಿಡುವುದನ್ನೇ ನಿಲ್ಲಿಸಿದೆವು.

ಕೆಳಗಿನ ಬೆಕ್ಕುಗಳ ಗಲಾಟೆ ಸೊಸೈಟಿ ಮೀಟಿಂಗಿಗೆ ಬಂದದ್ದು 2023ರ ಕೊನೆಗೆ. ಕಾರಿನ ಮೇಲೆ ಉಗುರಿನ ಗೀರು, ಮೆಟ್ಟಿಲಲ್ಲಿ ವಾಸನೆ, ರಾತ್ರಿ ಕೂಗಾಟ. ದೂರುಗಳೆಲ್ಲ ನಿಜವೇ. "ಹಿಡಿದು ಗೋಣಿಯಲ್ಲಿ ಹಾಕಿ ಖಾಡಿಯ ಆಚೆ ಬಿಟ್ಟರಾಯಿತು" ಎಂದರು ಒಬ್ಬರು. ಮೀಟಿಂಗಿನಲ್ಲಿ ಎಂದೂ ಬಾಯಿ ತೆರೆಯದ ನಾನು ನನ್ನ ಹರುಕು ಮರಾಠಿಯಲ್ಲಿ ಎದ್ದು ನಿಂತೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ ಎಂದೆ. ಬೀದಿ ಪ್ರಾಣಿಗಳಿಗೆ ಊಟ ಹಾಕಲು ಜಾಗ ಗೊತ್ತುಮಾಡುವುದು ಸೊಸೈಟಿಯ ಕೆಲಸ ಎಂದು 2023ರ ನಿಯಮದಲ್ಲಿ ಇದೆ ಎಂದೆ. ಮಗಳು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಕಾಯಿದೆಗೆ ಯಾರೂ ಹೆದರಲಿಲ್ಲ. ಆಪರೇಷನ್ ಮಾಡಿಸಿದರೆ ರಾತ್ರಿಯ ಕೂಗಾಟ, ಜಗಳ ಕಡಿಮೆಯಾಗುತ್ತದೆ ಎಂದದ್ದು ಮಾತ್ರ ಎಲ್ಲರಿಗೂ ಹಿಡಿಸಿತು. ವಂತಿಗೆ ಎತ್ತಿದೆವು. ಆರರಲ್ಲಿ ಐದಕ್ಕೆ ಮಾಡಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಅದೇ ಜಾಗಕ್ಕೆ ಬಿಟ್ಟೆವು. ಆರನೆಯ ಬೋಕಾ ಇವತ್ತಿಗೂ ಸಿಕ್ಕಿಲ್ಲ. ಪಂಜರದಲ್ಲಿಟ್ಟ ಬಂಗುಡೆ ಮಾತ್ರ ಪ್ರತಿ ಸಲ ಹೋಗುತ್ತದೆ.

ಆ ಮೀಟಿಂಗಿನ ಹೊತ್ತಿಗೆ ಮಾವ ಇರಲಿಲ್ಲ. ಅದೇ ವರ್ಷ ಶ್ರಾವಣದಲ್ಲಿ ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ನೋಡಿದಾಗ ಕೋಟಿ ಅವರ ಕಾಲ ಬಳಿ ಸುರುಳಿಯಾಗಿ ಮಲಗಿತ್ತು, ದಿನವೂ ಮಲಗುವ ಹಾಗೆ.

ಅತ್ತೆಯ ತಿಥಿ ಬಂದಾಗಲೆಲ್ಲ ಮಾವ ಒಂದು ಕಥೆ ಹೇಳುತ್ತಿದ್ದರು, ನಿಮಗೂ ಗೊತ್ತಿರುತ್ತದೆ. ಅಪ್ಪ ಶ್ರಾದ್ಧ ಮಾಡುವಾಗ ಮನೆಯ ಬೆಕ್ಕು ಅಡ್ಡ ಬರುತ್ತದೆಂದು ಬುಟ್ಟಿ ಕವುಚಿ ಇಡುತ್ತಿದ್ದನಂತೆ. ಮಗನ ಕಾಲಕ್ಕೆ ಮನೆಯಲ್ಲಿ ಬೆಕ್ಕಿರಲಿಲ್ಲ. ಶ್ರಾದ್ಧಕ್ಕೆ ಅದೂ ಬೇಕೆಂದು ತಿಳಿದು ಊರೆಲ್ಲ ಹುಡುಕಿ ಒಂದು ಬೆಕ್ಕು ತಂದು ಬುಟ್ಟಿಯಡಿ ಹಾಕಿದನಂತೆ.

ಕಳೆದ ಶ್ರಾವಣದಲ್ಲಿ ಮಾವನ ತಿಥಿ. ಕೋಟಿಯನ್ನು ಒಳಕೋಣೆಯಲ್ಲಿ ಕೂಡಿದ್ದೆ. ಅದರ ಮೀನಿನ ಪೊಟ್ಟಣ ಅಂದು ಬೇಡವೆಂದು ಬೆಳಿಗ್ಗೆ ಏನೂ ಹಾಕಿರಲಿಲ್ಲ. ಸಂಕಲ್ಪ ಶುರುವಾದ ಕೂಡಲೇ ಬಾಗಿಲು ಗೀಚಿ ಕೂಗತೊಡಗಿತು. ಭಟ್ಟರು ಮಂತ್ರ ನಿಲ್ಲಿಸಿ, "ಬೆಕ್ಕು ಉಂಟಾ? ಬುಟ್ಟಿ ಇಲ್ವಾ?" ಎಂದರು. ನಮ್ಮವರು ಗಾಬರಿಯಾದರು. ಭಟ್ಟರ ಮುಖದಲ್ಲಿ ನಗು ನೋಡಿ ನಾನು ಉಸಿರು ಬಿಟ್ಟೆ. "ಹಸಿದಿರಬೇಕು, ಏನಾದರೂ ಹಾಕಿ ಬನ್ನಿ ಅಮ್ಮ. ಕಾಯುತ್ತೇನೆ." ನಾನು ಬಾಲ್ಕನಿಗೆ ಹೋಗಿ ಪೊಟ್ಟಣ ಹರಿದು ಹಾಕಿ, ಮತ್ತೆ ಸ್ನಾನ ಮಾಡಿ ಬಂದೆ.

ಊಟವಾಗಿ ದಕ್ಷಿಣೆ ತೆಗೆದುಕೊಂಡ ಮೇಲೆ, ಕೈತೊಳೆಯುವ ಜಾಗದಲ್ಲಿ ಭಟ್ಟರು ಸ್ವಲ್ಪ ದನಿ ತಗ್ಗಿಸಿ ಕೇಳಿದರು: "ಅಲ್ಲಮ್ಮ, ಆ ಆಪರೇಷನ್ ಮಾಡುವ ಡಾಕ್ಟ್ರು ಭಾನುವಾರ ಇರ್ತಾರಾ? ನಮ್ಮಲ್ಲಿ ಎರಡು ಉಂಟು."